ನಾನ್‌ಲೀನಿಯರ್ ಡೈನಮಿಕ್ಸ್ ಪಿಎಚ್‌ಡಿ: ಗೈಡ್ ಆರಿಸೋವಾಗ ಸೈಟೇಶನ್, ಎಚ್-ಇಂಡೆಕ್ಸ್ ಎಷ್ಟು ನೋಡ್ಬೇಕು?

ಮಾದಾಪುರ_ಹುಡುಗಿ

ಎಲ್ರಿಗೂ ನಮಸ್ಕಾರ. ಎಂಎಸ್ಸಿ ಫಿಸಿಕ್ಸ್ ಮುಗೀತು, ಜೆಆರ್‌ಎಫ್ (ಪಿಎಚ್‌ಡಿಗೆ ಸಿಗೋ ಫೆಲೋಶಿಪ್) ಆಗಿದೆ, ಎರಡು ಕಡೆ ಪಿಎಚ್‌ಡಿ ಇಂಟರ್‌ವ್ಯೂನೂ ಆಯ್ತು, ಎರಡೂ ಕಡೆ ಬಾ ಅಂತಿದಾರೆ. ಎರಡೂ ನಾನ್‌ಲೀನಿಯರ್ ಡೈನಮಿಕ್ಸ್ ಗ್ರೂಪೇ, ಅಂದ್ರೆ ಕಾರಣ ಎಷ್ಟೋ ಪರಿಣಾಮ ಅಷ್ಟೇ ಅನ್ನೋ ನೇರ ಲೆಕ್ಕಕ್ಕೆ ಸಿಗದ ವ್ಯವಸ್ಥೆಗಳು ಕಾಲ ಕಳೆದಂಗೆ ಹೇಗೆ ಬದಲಾಗುತ್ತೆ ಅಂತ ನೋಡೋದು. ಒಬ್ರು ಗೈಡ್ ತುಂಬ ಹಿರಿಯರು, ಗೂಗಲ್ ಸ್ಕಾಲರಲ್ಲಿ ಎಚ್-ಇಂಡೆಕ್ಸ್ 52, ಪೇಪರ್ ಲಿಸ್ಟ್ ಕೆಳಗೆ ಎಳೀತಾ ಹೋದ್ರೆ ಮುಗಿಯೋದೇ ಇಲ್ಲ, ಕಪಲ್ಡ್ ಆಸಿಲೇಟರ್ (ಒಂದಕ್ಕೊಂದು ತಗುಲಿ ತೂಗಾಡೋ ವ್ಯವಸ್ಥೆಗಳು), ಸಿಂಕ್ರೊನೈಸೇಶನ್ (ಅವು ಒಂದೇ ತಾಳಕ್ಕೆ ಬರೋದು) ಈ ತರದ್ದು. ಇನ್ನೊಬ್ರು ಮೇಡಂ, ಕೆಲ್ಸಕ್ಕೆ ಸೇರಿ ಏಳೆಂಟು ವರ್ಷ ಆಗಿರ್ಬೇಕು, ಅವ್ರದ್ದು 13. ಅವ್ರು ಮಳೆ, ಹೊಳೆ ನೀರಿನ ಡೇಟಾ ಇಟ್ಕೊಂಡು ಟೈಮ್ ಸೀರೀಸ್ (ದಿನದಿನದ ಅಳತೆಗಳ ಸಾಲು) ಕೆಲ್ಸ ಮಾಡ್ತಾರೆ.

ನಿಜ ಹೇಳ್ಬೇಕಂದ್ರೆ ನಂಗೆ ಎರಡನೇದ್ರ ಮೇಲೇ ಮನಸ್ಸು, ಯಾಕಂದ್ರೆ ನಮ್ಮ ಅಜ್ಜ 1964ರಿಂದ ತೋಟದ ಮಳೆ ಲೆಕ್ಕ ಬರ್ದಿಟ್ಟಿದಾರೆ, ದಿನಾ ಇಂಚು ಸೆಂಟು (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ, ಅವ್ರಾದ್ಮೇಲೆ ಅಪ್ಪ ಮುಂದುವರ್ಸಿದಾರೆ, ಅದ್ರಲ್ಲಿ ಏನಾದ್ರೂ ಮಾಡ್ಬಹುದಾ ಅಂತ ಬಿಎಸ್ಸಿ ಇಂದಾನೂ ತಲೇಲಿದೆ. ಆದ್ರೆ ಅಪ್ಪನ ಹತ್ರ ಹೇಳಿದ್ರೆ 52 ಎಲ್ಲಿ 13 ಎಲ್ಲಿ, ಇದ್ರಲ್ಲಿ ಯೋಚ್ನೆ ಮಾಡಕ್ಕೇನಿದೆ ಅಂತಾರೆ. ಫ್ರೆಂಡ್ಸೂ ಅದೇ ಹೇಳ್ತಾರೆ, ನಾಳೆ ಪೋಸ್ಟ್‌ಡಾಕ್ ಬೇಕಂದ್ರೆ ಗೈಡ್ ಹೆಸ್ರೇ ಕೆಲ್ಸಕ್ಕೆ ಬರೋದು ಅಂತೆ.

ಈ ಫೀಲ್ಡಲ್ಲಿ ಒಬ್ರ ಕೆರಿಯರ್‌ನ ಸೈಟೇಶನ್ (ಬೇರೆಯವ್ರ ಪೇಪರಲ್ಲಿ ಎಷ್ಟು ಸಲ ಉಲ್ಲೇಖ ಆಗಿದೆ ಅನ್ನೋದು) ನೋಡಿ ಅಳೆಯಕ್ಕೆ ಆಗುತ್ತಾ? ಅನುಭವ ಇರೋರು ಹೇಳಿ ಪ್ಲೀಸ್.

ಅಮ್ಮತ್ತಿ_ಪೋಸ್ಟ್‌ಡಾಕ್

ಮೊದ್ಲು ಕಂಗ್ರಾಟ್ಸ್ ಕಣೇ, ಜೆಆರ್‌ಎಫ್ ತಮಾಷೆ ಅಲ್ಲ. ನಾನೂ ಇದೇ ಫೀಲ್ಡು, ಸ್ವಲ್ಪ ಉದ್ದ ಆಗುತ್ತೆ ಓದ್ಕೋ.

ಎಚ್-ಇಂಡೆಕ್ಸ್ 13 ಅಂದ್ರೆ ಅವ್ರ 13 ಪೇಪರ್ ಒಂದೊಂದನ್ನೂ ಕನಿಷ್ಠ 13 ಬೇರೆ ಪೇಪರಲ್ಲಿ ಉಲ್ಲೇಖ ಮಾಡಿದಾರೆ ಅಂತ, ಅಷ್ಟೇ. 2005ರಲ್ಲಿ ಇದನ್ನ ತಂದಿದ್ದು ಹೋರ್ಹೆ ಹಿರ್ಶ್ ಅಂತ, ಅವ್ರೂ ಫಿಸಿಕ್ಸ್‌ನವ್ರೇ. ಅವ್ರ ಪೇಪರಲ್ಲೇ ಒಂದು ಅಂದಾಜು ಇದೆ, ಅಮೆರಿಕದ ದೊಡ್ಡ ಯೂನಿವರ್ಸಿಟಿಗಳಲ್ಲಿ ಫಿಸಿಕ್ಸ್‌ನವ್ರಿಗೆ ಕೆಲ್ಸ ಖಾಯಂ ಆಗೋ ಹೊತ್ತಿಗೆ 12ರ ಆಸುಪಾಸು, ಫುಲ್ ಪ್ರೊಫೆಸರ್ ಆಗೋ ಹೊತ್ತಿಗೆ 18ರ ಆಸುಪಾಸು ಇರುತ್ತೆ ಅಂತ. ಗೂಗಲ್ ಸ್ಕಾಲರ್ ಉಳಿದ ಡೇಟಾಬೇಸ್‌ಗಳಿಗಿಂತ ಜಾಸ್ತಿ ತೋರ್ಸುತ್ತೆ ಅನ್ನೋದನ್ನ ಕಳೆದ್ರೂ ಏಳೆಂಟು ವರ್ಷದವ್ರಿಗೆ 13 ಏನೂ ಕಮ್ಮಿ ಅಲ್ಲ. ಇನ್ನೊಂದು, ಈ ನಂಬರ್ ಏರೋದೇ ಹೊರತು ಇಳಿಯೋದಿಲ್ಲ, ಒಬ್ರು ನಾಳೆಯಿಂದ ಪೆನ್ನೇ ಮುಟ್ಟದಿದ್ರೂ ಹಳೇ ಪೇಪರ್ ದುಡೀತಾ ಇರುತ್ತೆ. ಹಾಗಾಗಿ 30 ವರ್ಷದವ್ರ ಪಕ್ಕ ಏಳೆಂಟು ವರ್ಷದವ್ರನ್ನ ನಿಲ್ಸಿ ಹೋಲ್ಸೋದ್ರಲ್ಲಿ ಅರ್ಥ ಇಲ್ಲ. ಹಿರ್ಶ್ ಅವ್ರೇ ಆಮೇಲಾಮೇಲೆ ಈ ಇಂಡೆಕ್ಸಿಂದ ಆಗ್ತಿರೋ ಹಾನಿ ಬಗ್ಗೆ ಬರ್ದಿದಾರೆ, ಆದ್ರೆ ಅಷ್ಟೊತ್ತಿಗೆ ಎಲ್ಲಾ ಸೆಲೆಕ್ಷನ್ ಕಮಿಟಿಗೂ ಇದು ಅಂಟ್ಕೊಂಡಾಗಿತ್ತು.

ಇನ್ನು ನಮ್ಮ ಫೀಲ್ಡ್ ವಿಷ್ಯ. ಇಲ್ಲಿ ನಂಬರ್ ನಂಬೋರು ಫೈಗನ್‌ಬಾಮ್ ಕೆರಿಯರ್ ಒಂದ್ಸಲ ನೋಡ್ಬೇಕು. ಮಿಚೆಲ್ ಫೈಗನ್‌ಬಾಮ್, 1970ರಲ್ಲಿ ಎಂಐಟಿಲಿ ಪಿಎಚ್‌ಡಿ, ಪಾರ್ಟಿಕಲ್ ಫಿಸಿಕ್ಸಲ್ಲಿ. ಆಮೇಲೆ ಕಾರ್ನೆಲ್ ಎರಡು ವರ್ಷ, ವರ್ಜೀನಿಯಾ ಟೆಕ್ ಎರಡು ವರ್ಷ, ಪೇಪರ್ ಅಂತ ಹೇಳ್ಕೊಳಕ್ಕೆ ಹೆಚ್ಚೇನೂ ಇಲ್ಲ. 1974ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಲ್ಯಾಬಿಗೆ ಬಂದ್ರು. ಮುಂದಿನ ವರ್ಷ ಎಚ್‌ಪಿ-65 ಅನ್ನೋ ಕೈಲಿ ಹಿಡ್ಕೊಳೋ ಕ್ಯಾಲ್ಕುಲೇಟರಲ್ಲಿ ಲಾಜಿಸ್ಟಿಕ್ ಮ್ಯಾಪ್ (ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ತೆಗೆಯೋ ಪುಟ್ಟ ಸಮೀಕರಣ) ಓಡಿಸ್ತಾ ಕೂತಿದ್ರು. ಸಮೀಕರಣದ ಒಂದು ಸಂಖ್ಯೆ ಏರಿಸ್ತಾ ಹೋದ್ರೆ ಒಂದು ಪೀರಿಯಡ್ (ಎಷ್ಟು ಹೆಜ್ಜೆಗೊಮ್ಮೆ ಉತ್ತರ ಮತ್ತೆ ಅದೇ ಬರುತ್ತೆ ಅನ್ನೋದು) ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಎಂಟಾಗುತ್ತೆ, ಒಂದೊಂದು ಸಲ ಡಬಲ್ ಆಗೋ ಜಾಗ ಲೆಕ್ಕ ಹಾಕ್ಬೇಕು. ಆ ಮಿಷಿನ್ ಎಷ್ಟು ನಿಧಾನ ಅಂದ್ರೆ ಮುಂದಿನ ಉತ್ತರ ಎಲ್ಲಿರ್ಬಹುದು ಅಂತ ಇವ್ರೇ ಊಹೆ ಮಾಡಿ ಕೊಡ್ಬೇಕಾಯ್ತು, ಹಾಗೆ ಊಹಿಸಕ್ಕೆ ಹೋಗಿ ಕಣ್ಣಿಗೆ ಬಿತ್ತು, ಆ ಅಂತರಗಳೆಲ್ಲ ಒಂದೇ ಅನುಪಾತದಲ್ಲಿ ಕುಗ್ತಾ ಹೋಗ್ತಿವೆ, 4.669. ಬೇರೆ ಸಮೀಕರಣ ಹಾಕಿದ್ರೂ ಅದೇ 4.669. ಫಾಸ್ಟ್ ಕಂಪ್ಯೂಟರ್ ಇದ್ದಿದ್ರೆ ಉತ್ತರದ ಪಟ್ಟಿ ಪ್ರಿಂಟ್ ತಗೊಂಡು ಮನೆಗೆ ಹೋಗ್ತಿದ್ರೋ ಏನೋ.

ಇಷ್ಟು ದೊಡ್ಡ ವಿಷ್ಯದ ಪೇಪರ್‌ನ ಜರ್ನಲ್‌ನವ್ರು ವಾಪಸ್ ಕಳ್ಸಿದ್ರು. ಕೊನೆಗೆ ಅಚ್ಚಾಗಿದ್ದು 1978ರಲ್ಲಿ, ಜರ್ನಲ್ ಆಫ್ ಸ್ಟಾಟಿಸ್ಟಿಕಲ್ ಫಿಸಿಕ್ಸಲ್ಲಿ. ಅದೇ ಹೊತ್ತಿಗೆ ಫ್ರಾನ್ಸಲ್ಲಿ ಕೂಲೆ, ಟ್ರೆಸ್ಸರ್ ಅಂತ ಇಬ್ರು ಸ್ವತಂತ್ರವಾಗಿ ಇದೇ ಜಾಗಕ್ಕೆ ಬಂದಿದ್ರು. ಆಮೇಲೆ ಲಿಬ್‌ಶಾಬೇರ್ ಅನ್ನೋ ಪ್ರಯೋಗದ ಫಿಸಿಕ್ಸ್‌ನವ್ರು ಒಂದು ಪುಟಾಣಿ ಸೆಲ್ಲಲ್ಲಿ ದ್ರವ ಹೀಲಿಯಂ ತುಂಬಿ ಕೆಳಗಿಂದ ಕಾಯ್ಸಿ, ಪೀರಿಯಡ್ ಡಬಲ್ ಆಗೋದನ್ನ ಪ್ರಯೋಗದಲ್ಲೇ ತೋರ್ಸಿದ್ರು, 1986ರಲ್ಲಿ ಫೈಗನ್‌ಬಾಮ್, ಲಿಬ್‌ಶಾಬೇರ್ ಇಬ್ರಿಗೂ ವುಲ್ಫ್ ಪ್ರಶಸ್ತಿ ಬಂತು. 1976ರಲ್ಲಿ ಯಾರಾದ್ರೂ ಸ್ಟೂಡೆಂಟು ಫೈಗನ್‌ಬಾಮ್ ಸೈಟೇಶನ್ ನೋಡಿ ಗೈಡ್ ಆರಿಸಕ್ಕೆ ಹೋಗಿದ್ರೆ ಅವ್ರ ಬಾಗ್ಲು ತಟ್ತಾನೇ ಇರ್ಲಿಲ್ಲ.

ಹವಾಮಾನದ ಕೆಯಾಸ್ (ಚೂರು ವ್ಯತ್ಯಾಸ ಬೆಳೆದು ಮುಂದೇನು ಅಂತ ಹೇಳಕ್ಕಾಗದ ಸ್ಥಿತಿ) ತೋರ್ಸಿದ ಲೊರೆನ್ಸ್ ಕತೆನೂ ಹಾಗೇ. 1963ರ ಪೇಪರು, ಮೂರೇ ಸಮೀಕರಣ, ಅಚ್ಚಾಗಿದ್ದು ಹವಾಮಾನದವ್ರ ಜರ್ನಲಲ್ಲಿ. ಸುಮಾರು ಹತ್ತು ವರ್ಷ ಅದನ್ನ ಉಲ್ಲೇಖಿಸಿದವ್ರು ಬಹಳ ಕಮ್ಮಿ, ಅವ್ರೂ ಹೆಚ್ಚಾಗಿ ಹವಾಮಾನದವ್ರೇ, ಗಣಿತದವ್ರು ಫಿಸಿಕ್ಸ್‌ನವ್ರು ಆ ಜರ್ನಲ್ ತೆಗ್ದು ನೋಡ್ತಾ ಇರ್ಲಿಲ್ಲ. ಇವತ್ತು ಗೂಗಲ್ ಸ್ಕಾಲರಲ್ಲಿ 20 ಸಾವಿರ ದಾಟಿದೆ.

ಇದಕ್ಕೆ ಉಲ್ಟಾನೂ ಇದೆ. ವಾಟ್ಸ್, ಸ್ಟ್ರೋಗ್ಯಾಟ್ಸ್ ಸೇರಿ 1998ರಲ್ಲಿ ನೇಚರಲ್ಲಿ ಸ್ಮಾಲ್ ವರ್ಲ್ಡ್ ನೆಟ್‌ವರ್ಕ್ (ಕೆಲವೇ ಹೆಜ್ಜೇಲಿ ಯಾರಿಂದ ಯಾರಿಗೂ ತಲುಪೋ ಜಾಲ) ಪೇಪರ್ ಬರೆದ್ರು, ಅದು ಬಂದಿದ್ದೇ ತಡ ಸಮಾಜಶಾಸ್ತ್ರ, ಮೆದುಳು, ಇಂಟರ್ನೆಟ್, ಕಾಯಿಲೆ ಹರಡೋದು, ಎಲ್ರೂ ಎತ್ಕೊಂಡ್ರು, ಹತ್ತಾರು ಸಾವಿರ ಸೈಟೇಶನ್. ನಮ್ಮ ಫೀಲ್ಡಲ್ಲಿ ನಂಬರ್ ಏರೋದು ಹೀಗೆ, ಹೊರಗಿನವ್ರು ಬಂದು ಎತ್ಕೊಂಡು ಹೋದಾಗ. ಶುದ್ಧ ಗಣಿತದ ಕಡೆ ಇರೋರ ನಂಬರ್ ಚಿಕ್ಕದೇ ಇರುತ್ತೆ, ಹಾಗಂತ ಅವ್ರು ಕಮ್ಮಿ ಅಂತಲ್ಲ.

ನೀನು ಒಟ್ಟು ಸಂಖ್ಯೆ ಬಿಟ್ಟು ಇಬ್ರದ್ದೂ ಮೇಲಿನ ಐದು ಪೇಪರ್ ತೆಗ್ದು ಯಾರು ಉಲ್ಲೇಖಿಸಿದಾರೆ ಅಂತ ಕ್ಲಿಕ್ ಮಾಡಿ ನೋಡು. ಅದೇ ಗುಂಪಿನ ಅದೇ ಹೆಸ್ರುಗಳು ಸುತ್ತಿ ಸುತ್ತಿ ಬರ್ತಿದ್ರೆ ಒಂದು ಅರ್ಥ, ಗೊತ್ತಿಲ್ದಿರೋ ದೇಶದ ಗೊತ್ತಿಲ್ದಿರೋ ಡಿಪಾರ್ಟ್‌ಮೆಂಟಿನವ್ರು ಬಳಸಿದ್ರೆ ಇನ್ನೊಂದು ಅರ್ಥ.

ರೋಬಸ್ಟಾ_ಗೋಣಿಕೊಪ್ಪ

ಮಧ್ಯೆ ಬಾಯಿ ಹಾಕ್ತೀನಿ, ನಂಗೆ ಫಿಸಿಕ್ಸ್ ಪಿಯುಸಿಗೇ ಮುಗ್ದೋಯ್ತು. ಆದ್ರೆ ಈ ಎಚ್ ಇಂಡೆಕ್ಸ್ ಗಲಾಟೆ ಓದ್ತಾ ಒಂದು ಅನ್ನಿಸ್ತು, ನಾವು ಕಾಫಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮಾರೋವಾಗ ವ್ಯಾಪಾರಿ ಮೂಟೆ ಎಷ್ಟು ಅಂತ ಕೇಳಿ ಸುಮ್ನಾಗಲ್ಲ, ಓಟಿ ಎಷ್ಟು ಬರುತ್ತೆ ಅಂತ ಸ್ಯಾಂಪಲ್ ತೆಗ್ದು ನೋಡ್ತಾನೆ, 50 ಕೆಜಿ ಮೂಟೆಲಿ ಬೇಳೆ ಎಷ್ಟು ಸಿಗುತ್ತೆ ಅನ್ನೋದ್ರ ಮೇಲೇ ರೇಟು. ನಿಮ್ಮಪ್ಪಂಗೆ ಹಂಗೆ ಹೇಳಮ್ಮ, ಥಟ್ ಅಂತ ಅರ್ಥ ಆಗುತ್ತೆ.

ಅದಿರ್ಲಿ, ನನ್ನ ಪ್ರಶ್ನೆ ಬೇರೆ. ಇಷ್ಟೆಲ್ಲ ಕೆಯಾಸ್ ಥಿಯರಿ ಮಾಡೋರು ಹೂ ಮಳೆ (ಕಾಫಿ ಹೂ ಬಿಡಿಸೋ ಬೇಸಿಗೆ ಮಳೆ) ಯಾವತ್ತು ಬರುತ್ತೆ ಅಂತ ಹೇಳ್ತಾರಾ? ಫೆಬ್ರವರಿ ಕೊನೆಗೆ ಸ್ಪ್ರಿಂಕ್ಲರ್ ಹಾಕ್ಬೇಕೋ ಕಾಯ್ಬೇಕೋ ಅಂತ ಆಕಾಶ ನೋಡ್ಕೊಂಡು ಕೂರೋರು ನಾವು, ಡೀಸೆಲ್ ಖರ್ಚು ಮಾಡಿ ನೀರು ಹಾಯ್ಸಿದ ಮಾರನೇ ದಿನಾನೇ ಮಳೆ ಸುರಿಯುತ್ತೆ. ಹೂವೇನೋ ಬಿಡ್ತು ಅನ್ನಿ, ಆಮೇಲೆ ಬೇಕಾಗೋ ಎರಡನೇ ಮಳೆ, ಬ್ಯಾಕಿಂಗ್ ಮಳೆ, ಸರಿ ಹೊತ್ತಿಗೆ ಬರ್ಲಿಲ್ಲ ಅಂದ್ರೆ ಕಾಯಿ ಕಚ್ಚಲ್ಲ. 20 ಸಾವಿರ ಸೈಟೇಶನ್ ತಗೊಂಡು ನಾವೇನ್ ಮಾಡೋಣ?

ನಿವೃತ್ತ_ಮೇಷ್ಟ್ರು_ಮಡಿಕೇರಿ

ಅಮ್ಮತ್ತಿಯವರು ಹೇಳಿದ್ದು ಸರಿ, ಆದ್ರೆ ಫೈಗನ್‌ಬಾಮ್ ಉದಾಹರಣೆ ಕೊಟ್ಟು ಹುಡುಗಿ ತಲೇಲಿ ಬೇರೆ ಹುಳ ಬಿಡೋದು ಬೇಡ. ಅಂತೋರು ಒಬ್ರು. ಸೈಟೇಶನ್ ಇಲ್ದೇ ಇರೋ ಉಳಿದೋರೆಲ್ಲ ಫೈಗನ್‌ಬಾಮ್ ಆಗಲ್ಲ, ಸುಮಾರು ಜನಕ್ಕೆ ಸೈಟೇಶನ್ ಬರದೇ ಇರೋದು ಕೆಲ್ಸ ಸಾಧಾರಣ ಇರೋದ್ರಿಂದಾನೇ.

ನಮ್ಮ ದೇಶದ್ದೇ ಉದಾಹರಣೆ ಬೇಕಂದ್ರೆ ತಿರುಚಿನಾಪಳ್ಳಿಯ ಭಾರತಿದಾಸನ್ ಯೂನಿವರ್ಸಿಟಿಯ ಎಂ. ಲಕ್ಷ್ಮಣನ್ ಅವ್ರನ್ನ ನೋಡಿ. 1974ರಲ್ಲಿ ಅವ್ರ ಗುರು ಮ್ಯಾಥ್ಯೂಸ್ ಜೊತೆ ಒಂದು ನಾನ್‌ಲೀನಿಯರ್ ಆಸಿಲೇಟರ್, ಈಗ್ಲೂ ಅವ್ರಿಬ್ರ ಹೆಸ್ರಲ್ಲೇ ಕರೀತಾರೆ. 1977ರಲ್ಲಿ ಹೈಸನ್‌ಬರ್ಗ್ ಸ್ಪಿನ್ ಚೈನಿಗೂ (ಅಯಸ್ಕಾಂತದ ಒಂದು ಮಾಡೆಲ್) ನಾನ್‌ಲೀನಿಯರ್ ಶ್ರೋಡಿಂಗರ್ ಸಮೀಕರಣಕ್ಕೂ (ಅಲೆಗಳ ಸಮೀಕರಣ) ನಂಟಿದೆ ಅಂತ ತೋರ್ಸಿದ್ರು. ಐಐಟಿ ಅಲ್ಲ, ಐಐಎಸ್‌ಸಿ ಅಲ್ಲ, ಒಂದು ರಾಜ್ಯ ಯೂನಿವರ್ಸಿಟಿಲಿ ಕೂತ್ಕೊಂಡು ನಾನ್‌ಲೀನಿಯರ್ ಡೈನಮಿಕ್ಸಿಗೆ ಅಂತಾನೇ ಒಂದು ಕೇಂದ್ರ ಕಟ್ಟಿದ್ರು, ವಿದ್ಯಾರ್ಥಿಗಳನ್ನ ತಯಾರು ಮಾಡಿದ್ರು. 1994ರಲ್ಲಿ ಮುರಳಿ, ಲಕ್ಷ್ಮಣನ್, ಚುವಾ ಮೂರೂ ಜನ ಸೇರಿ ಒಂದು ಸರ್ಕ್ಯೂಟ್ ಕೊಟ್ರು, ಎಂಎಲ್‌ಸಿ ಸರ್ಕ್ಯೂಟ್ ಅಂತಾರೆ. ನಾವು ಕಾಲೇಜಲ್ಲಿ ಹುಡುಗ್ರ ಕೈಲಿ ಮಾಡ್ಸಿದ್ವಿ ಅದನ್ನ: ಒಂದು ರೆಸಿಸ್ಟರು, ಒಂದು ಇಂಡಕ್ಟರು, ಒಂದು ಕೆಪ್ಯಾಸಿಟರು, ಆಪ್-ಆಂಪ್‌ನಲ್ಲಿ ಕಟ್ಟಿದ ಚುವಾ ಡಯೋಡು, ಮೇಲಿಂದ ಸಿಗ್ನಲ್ ಜನರೇಟರಿಂದ ಸೈನ್ ವೇವ್. ಸಿಆರ್‌ಓನ (ಸಿಗ್ನಲ್ ಪರದೆ ಮೇಲೆ ತೋರ್ಸೋ ಉಪಕರಣ) ಎಕ್ಸ್-ವೈ ಮೋಡಿಗೆ ಹಾಕಿ ನಾಬ್ ಮೆಲ್ಲಗೆ ತಿರುಗಿಸ್ತಾ ಹೋದ್ರೆ ಒಂದು ಗೆರೆಯ ಸುತ್ತು ಎರಡು ಗೆರೆ ಆಗುತ್ತೆ, ನಾಲ್ಕಾಗುತ್ತೆ, ಇನ್ನೊಂಚೂರು ತಿರುಗಿಸಿದ್ರೆ ಪರದೆ ತುಂಬ ಹರಡ್ಕೊಳುತ್ತೆ. ಮಧ್ಯೆ ಕರೆಂಟ್ ಹೋದ್ರೆ ಮತ್ತೆ ಮೊದ್ಲಿಂದ, ಮಳೆಗಾಲದ ಮಡಿಕೇರಿ ಕೇಳ್ಬೇಕಾ. ಆದ್ರೆ ಆ ನಾಲ್ಕು ಗೆರೆ ಕಂಡಾಗ ಹಿಂದಿನ ಬೆಂಚಿನ ಹುಡುಗ್ರೂ ಎದ್ದು ಬಂದು ನೋಡ್ತಿದ್ರು.

ನಾನು ಹೇಳ್ತಿರೋದು ಇಷ್ಟೇ, ದೊಡ್ಡ ಎಚ್-ಇಂಡೆಕ್ಸ್ ಹಿಂದೆ ತುಂಬಾ ಸಲ ಒಂದು ಪರಂಪರೆ ಇರುತ್ತೆ, ವಿದ್ಯಾರ್ಥಿಗಳು ಬೆಳೆದು ಅವ್ರೂ ಬರೀತಾರೆ, ಹಂಗೆ ನಂಬರೂ ಬೆಳೆಯುತ್ತೆ. ಅದನ್ನ ತಳ್ಳಿ ಹಾಕೋ ಹಂಗಿಲ್ಲ. ಗೈಡ್ ನಂಬರ್ ನೋಡೋ ಬದ್ಲು ಗೈಡ್ ಹತ್ರ ಪಿಎಚ್‌ಡಿ ಮಾಡಿದೋರು ಈಗ ಎಲ್ಲಿದಾರೆ ನೋಡು ಮಗಳೇ. ಎಷ್ಟು ವರ್ಷಕ್ಕೆ ಥೀಸಿಸ್ ಕೊಟ್ರು, ಮಧ್ಯದಲ್ಲಿ ಬಿಟ್ಟೋರು ಎಷ್ಟು ಜನ, ಇದು ಯಾವ ವೆಬ್‌ಸೈಟಲ್ಲೂ ಇರಲ್ಲ, ಹಾಸ್ಟೆಲ್ ಮೆಸ್ಸಲ್ಲಿ ಸಿಗುತ್ತೆ.

ಹಂಗಂತ ನಂಬರ್ ಉಬ್ಬಿಸೋರೂ ಇದಾರೆ. ನಮ್ಮ ಫೀಲ್ಡಿನ ಒಂದು ಜರ್ನಲಲ್ಲಿ ಅದ್ರ ಸಂಪಾದಕರೇ ತಮ್ಮ ಪೇಪರ್‌ಗಳನ್ನ ರಾಶಿ ರಾಶಿ ಹಾಕ್ಕೊಂಡಿದ್ದು 2008ರಲ್ಲಿ ನೇಚರಲ್ಲಿ ಸುದ್ದಿ ಆಗಿತ್ತು, ಲಂಡನ್ ಕೋರ್ಟ್‌ವರೆಗೂ ಹೋಯ್ತು, ನೇಚರ್ ಗೆದ್ದಿತು.

ಅಮ್ಮತ್ತಿ_ಪೋಸ್ಟ್‌ಡಾಕ್

ಮೇಷ್ಟ್ರೇ, ಒಪ್ಪಿದೆ. ಹಳೇ ಸ್ಟೂಡೆಂಟ್ಸ್ ಎಲ್ಲಿದಾರೆ ಅನ್ನೋದು ನನ್ನ ಐದು ಪೇಪರ್ ಲೆಕ್ಕಕ್ಕಿಂತ ಮುಖ್ಯ.

ರೋಬಸ್ಟಾ ಅಂಕಲ್, ಹೂ ಮಳೆ ಯಾವ ದಿನ ಅಂತ ತಿಂಗಳ ಮುಂಚೆ ಯಾರೂ ಹೇಳಲ್ಲ, ಹೇಳಿದ್ರೆ ನಂಬ್ಬೇಡಿ. ಅದನ್ನೇ ಲೊರೆನ್ಸ್ ಹೇಳಿದ್ದು, ಇವತ್ತಿನ ಅಳತೇಲಿ ಇರೋ ಚೂರು ವ್ಯತ್ಯಾಸ ದೊಡ್ಡದಾಗ್ತಾ ಹೋಗುತ್ತೆ, ದಿನದ ಲೆಕ್ಕದ ಹವಾಮಾನಕ್ಕೆ ಸುಮಾರು ಎರಡು ವಾರ ಮಿತಿ. ಆದ್ರೆ ಇದೇ ವಿದ್ಯೆ ಇಟ್ಕೊಂಡು ಬೇರೆ ಪ್ರಶ್ನೆ ಕೇಳ್ಬಹುದು. ಜರ್ಮನಿಯ ಪಾಟ್ಸ್‌ಡ್ಯಾಮಲ್ಲಿ ಯುರ್ಗನ್ ಕುರ್ಟ್ಸ್ ಅಂತ ಇದಾರೆ, ಕೆಯಾಟಿಕ್ ಆಸಿಲೇಟರ್‌ಗಳ ಫೇಸ್ ಸಿಂಕ್ರೊನೈಸೇಶನ್ ಬಗ್ಗೆ 1996ರಲ್ಲಿ ರೋಸೆನ್‌ಬ್ಲೂಮ್, ಪಿಕೊವ್‌ಸ್ಕಿ ಜೊತೆ ಬರ್ದಿದ್ದು ಇವ್ರೇ, ನಮ್ಮ ಫೀಲ್ಡಲ್ಲಿ ಅತಿ ಹೆಚ್ಚು ಉಲ್ಲೇಖ ಆಗೋರಲ್ಲಿ ಒಬ್ರು. ಅದೇ ಗುಂಪಿನವ್ರು ಆಮೇಲೆ ಮುಂಗಾರಿಗೆ ಕೈ ಹಾಕಿದ್ರು. ಎಲ್ಲಿ ಭಾರೀ ಮಳೆ ಆದಾಗ ಜೊತೆಜೊತೆಗೆ ಇನ್ನೆಲ್ಲಿ ಆಗುತ್ತೆ ಅಂತ ನೆಟ್‌ವರ್ಕ್ ಕಟ್ಟಿದ್ರು, 2016ರಲ್ಲಿ ಪೂರ್ವ ಘಟ್ಟ ಮತ್ತೆ ಉತ್ತರ ಪಾಕಿಸ್ತಾನ ಎರಡು ಜಾಗದ ಉಷ್ಣಾಂಶ, ತೇವಾಂಶ ನೋಡಿ ಮುಂಗಾರು ಶುರುವಾಗೋದನ್ನ ಸುಮಾರು 40 ದಿನ ಮುಂಚೆ ಅಂದಾಜು ಮಾಡೋ ದಾರಿ ಹೇಳಿದ್ರು. ಪೂರ್ವ ಘಟ್ಟದ ಲೆಕ್ಕ ಅದು, ನಮ್ಮ ಕಡೇದಲ್ಲ, ಹೂ ಮಳೇದಂತೂ ಅಲ್ಲವೇ ಅಲ್ಲ. ಆದ್ರೆ ಆಸಿಲೇಟರಿಂದ ಶುರು ಮಾಡಿದೋರು ಮಳೆವರೆಗೂ ಬಂದ್ರು ನೋಡಿ. ಹಾಗಾಗಿ ತಂಗಿ, ಹಿರಿಯ ಗೈಡ್ ಹತ್ರ ಸಿಂಕ್ರೊನೈಸೇಶನ್ ಕಲ್ತ್ರೆ ಮಳೆ ಕೈ ತಪ್ಪೋಯ್ತು ಅಂತಲೂ ಅಲ್ಲ.

ಇನ್ನೊಂದು ಎಚ್ಚರಿಕೆ. ಸೈಟೇಶನ್ ಜಾಸ್ತಿ ಅಂದ್ರೆ ಸರಿ ಅಂತ ಅಲ್ಲ. 1984ರಲ್ಲಿ ನೇಚರಲ್ಲಿ ನಿಕೊಲಿಸ್ ದಂಪತಿ ಒಂದು ಪೇಪರ್ ಹಾಕಿದ್ರು, ಸಮುದ್ರದ ತಳದ ಮಣ್ಣಿನ ದಾಖಲೆಯಿಂದ ಲಕ್ಷಾಂತರ ವರ್ಷದ ಹವಾಮಾನ ತೆಗ್ದು, ಭೂಮಿಯ ಹವಾಮಾನಕ್ಕೆ ಸುಮಾರು 3 ಡೈಮೆನ್ಶನ್ನಿನ ಅಟ್ರ್ಯಾಕ್ಟರ್ ಇದೆ ಅಂತ, ಅಂದ್ರೆ ಅದ್ರ ಏರಿಳಿತವನ್ನ ಕೆಲವೇ ಸಂಖ್ಯೆಗಳಿಂದ ವಿವರಿಸ್ಬಹುದು ಅಂತ. ಭಾರೀ ಸುದ್ದಿ. ಎರಡೇ ವರ್ಷಕ್ಕೆ ಗ್ರಾಸ್‌ಬರ್ಗರ್, ಆ ಡೈಮೆನ್ಶನ್ ಅಳೆಯೋ ವಿಧಾನ ಕೊಟ್ಟಿದ್ದೇ ಪ್ರೊಕಾಚಾ ಜೊತೆ ಅವ್ರು, 1983ರಲ್ಲಿ, ಅದೇ ನೇಚರಲ್ಲೇ ಬರೆದ್ರು, ನಿಮ್ಮ ಹತ್ರ ಇದ್ದ ನಿಜವಾದ ಬಿಂದುಗಳು ಇನ್ನೂರೂ ಇಲ್ಲ, ಮಧ್ಯೆ ಮಧ್ಯೆ ಲೆಕ್ಕ ಹಾಕಿ ತುಂಬಿಸಿ ನಯ ಮಾಡಿದೀರಿ, ಆ ನಯದಿಂದಾನೇ 3 ಬಂದಿದೆ ಅಂತ. ಅಜ್ಜನ ಪುಸ್ತಕಕ್ಕೆ ಕೈ ಹಾಕೋ ಮುಂಚೆ ಈ ಎರಡೂ ಪೇಪರ್ ಓದ್ಲೇಬೇಕು ನೀನು.

ಮಾದಾಪುರ_ಹುಡುಗಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಕೂತು ನೋಡಿದೆ ಅಕ್ಕ. 52ರವ್ರ ಟಾಪ್ ಪೇಪರ್ ಐದೂ 2005ಕ್ಕಿಂತ ಮುಂಚಿನವು, ಅದನ್ನ ಉಲ್ಲೇಖ ಮಾಡಿರೋರು ಎಲ್ಲಾ ಕಡೆ ಇದಾರೆ, ಲೇಸರ್‌ನವ್ರು, ನ್ಯೂರೋಸೈನ್ಸ್‌ನವ್ರು. ಅಂದ್ರೆ ಆ 52 ಪೊಳ್ಳಲ್ಲ. ಆದ್ರೆ ಈಚಿನ ಐದು ವರ್ಷದವು ಹೆಚ್ಚಾಗಿ ಒಂದೇ ತರದ ಸಣ್ಣ ಸಣ್ಣ ಪೇಪರು, ಅದೇ ಮಾಡೆಲ್ಲಿಗೆ ಕಪ್ಲಿಂಗ್ ಬದಲಾಯ್ಸಿ ಬದಲಾಯ್ಸಿ. ಮೇಡಂದು ಒಂದೇ ಪೇಪರ್ ಚೆನ್ನಾಗಿ ಓಡಿದೆ, ಅದನ್ನ ಹೈಡ್ರಾಲಜಿಯವ್ರು, ಡ್ಯಾಮ್ ನೀರಿನ ಕೆಲ್ಸದವ್ರು ಬಳಸಿದಾರೆ.

ಸರ್, ಸ್ಟೂಡೆಂಟ್ಸ್ ಬಗ್ಗೆ ಹೇಳಿದ್ರಲ್ಲ, ಹಿರಿಯರ ಹತ್ರ ಮಾಡಿದ ಮೂವರು ಈಗ ಫ್ಯಾಕಲ್ಟಿ ಅಂತೆ, ಅದು ದೊಡ್ಡ ವಿಷ್ಯಾನೇ. ಮೇಡಂ ಹತ್ರ ಇನ್ನೂ ಮೊದಲ ಬ್ಯಾಚೇ ಮುಗಿದಿಲ್ಲ. ಎರಡೂ ಕಡೆ ಹೋಗಿ ಒಂದೊಂದು ದಿನ ಸ್ಟೂಡೆಂಟ್ಸ್ ಜೊತೆ ಇದ್ದು ಬರ್ತೀನಿ, ಆಮೇಲೇ ಡಿಸೈಡ್ ಮಾಡೋದು. ಅಪ್ಪ ಓಟಿ ಲೆಕ್ಕ ಕೇಳಿ ನಕ್ಕಿದಾರೆ, ಆದ್ರೆ 52 ಬಿಟ್ಟಿಲ್ಲ.

ಪುಸ್ತಕಗಳ ಬಗ್ಗೆ: ದಿನಾ ಬೆಳಿಗ್ಗೆ ಕಾಫಿ ಕುಡಿದ್ಮೇಲೆ ಅಜ್ಜ ಮಳೆ ಅಳೆಯೋ ಗೇಜ್ ನೋಡ್ತಿದ್ರು, ಟೈಮ್ ಸರಿಯಾಗಿ ಬರ್ದಿಲ್ಲ. 2018 ಆಗಸ್ಟ್‌ದು ಎರಡು ವಾರ ಇಲ್ಲವೇ ಇಲ್ಲ, ಆಗ ನಾವು ಮನೆ ಬಿಟ್ಟು ಸಂಬಂಧಿಕರ ಮನೇಲಿದ್ವಿ, ಗುಡ್ಡ ಜರಿದು ರಸ್ತೆ ಹೋಗಿತ್ತು. ಅದನ್ನೇನ್ ಮಾಡೋದು?

ಅಮ್ಮತ್ತಿ_ಪೋಸ್ಟ್‌ಡಾಕ್

ಸೊನ್ನೆ ಮಾತ್ರ ಹಾಕ್ಬೇಡ, ಅದು ಎಲ್ಲಕ್ಕಿಂತ ಕೆಟ್ಟದ್ದು, ವರ್ಷದ ಅತಿ ದೊಡ್ಡ ಮಳೆ ದಿನಗಳನ್ನ ಮಳೆ ಇಲ್ಲದ ದಿನ ಅಂತ ಬರ್ದಂಗಾಗುತ್ತೆ. ಖಾಲಿ ಬಿಡು, ಖಾಲಿ ಅಂತ ಗುರುತು ಹಾಕು. ಗ್ರಾಸ್‌ಬರ್ಗರ್ ಕತೆ ಹೇಳಿದೆನಲ್ಲ, ಲೆಕ್ಕ ಹಾಕಿ ತುಂಬ್ಸಕ್ಕೂ ಹೋಗ್ಬೇಡ. ಮೊದ್ಲು ಇಂಚು ಸೆಂಟನ್ನ ಹಾಗೇ ಟೈಪ್ ಮಾಡು, ಮಿಲಿಮೀಟರ್‌ಗೆ ಬೇರೆ ಕಾಲಂ ಮಾಡ್ಕೋ, 1 ಇಂಚಿಗೆ 25.4. ಹವಾಮಾನ ಇಲಾಖೆಯವ್ರ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತೆ, ನಿಮ್ಮನೇದು ಸುಮಾರು ಅಷ್ಟೊತ್ತಿಗೇ ಇದ್ರೆ ಹೋಲ್ಸೋವಾಗ ದೊಡ್ಡ ತೊಂದ್ರೆ ಆಗಲ್ಲ. ಗೇಜ್ ಹತ್ರ ಸಿಲ್ವರ್ ಓಕ್ ಇದ್ಯಾ ಕೇಳು ಅಪ್ಪನ್ನ, ಇದ್ರೆ ಯಾವಾಗ ನೆಟ್ಟಿದ್ದು, ಮರ ಎತ್ತರ ಆಗ್ತಾ ಆಗ್ತಾ ಗೇಜಿಗೆ ಬೀಳೋ ಮಳೆ ಕಮ್ಮಿ ಆಗುತ್ತೆ, ಆಮೇಲೆ ನೀನು ಮಳೆ ಕಮ್ಮಿ ಆಗಿದೆ ಅಂತ ಪೇಪರ್ ಬರ್ದುಬಿಡ್ತೀಯ.

ಡಿಸೆಂಬರಿಂದ ಮಾರ್ಚ್‌ವರೆಗೆ ಪುಟಗಟ್ಲೆ ಸೊನ್ನೆ ಇರುತ್ತಲ್ಲ, ಅಷ್ಟು ಸೊನ್ನೆ ಇದ್ರೆ ಡೈಮೆನ್ಶನ್ ಲೆಕ್ಕ ಸುಳ್ಳು ಹೇಳುತ್ತೆ, ಚಿಕ್ಕ ನಂಬರ್ ಬರುತ್ತೆ, ಕೆಯಾಸ್ ಸಿಕ್ತು ಅಂತ ಕುಣಿಬೇಡ. ಸರೊಗೇಟ್ ಡೇಟಾ ಟೆಸ್ಟ್ ಅಂತ ಇದೆ, ತೈಲರ್ ಮತ್ತೆ ಜೊತೆಯವ್ರು 1992ರಲ್ಲಿ ಕೊಟ್ಟಿದ್ದು. ನಿನ್ನ ಡೇಟಾನ ಅದ್ರ ಲೀನಿಯರ್ ಗುಣ ಉಳಿಯೋ ಹಾಗೆ ಕಲಸಿ ನಕಲಿ ಸೀರೀಸ್ ಮಾಡು, ಅದಕ್ಕೂ ಅದೇ ಉತ್ತರ ಬಂದ್ರೆ ನೀನು ಏನೂ ಕಂಡುಹಿಡಿದಿಲ್ಲ ಅಂತ.

ಎರಡೂ ಗೈಡ್ ಹತ್ರ ಹೋದಾಗ ಇದೊಂದು ಪ್ರಶ್ನೆ ಕೇಳು: ನನ್ನ ಹತ್ರ ಹೀಗೊಂದು ಡೇಟಾ ಇದೆ, ಏನು ಮಾಡ್ಬಹುದು? ಯಾರು ಮೊದ್ಲು ಗೇಜ್ ಎಲ್ಲಿಟ್ಟಿದೀರಿ ಅಂತ ಕೇಳ್ತಾರೋ ನೋಡು.

ರೋಬಸ್ಟಾ_ಗೋಣಿಕೊಪ್ಪ

ನಮ್ಮನೇಲೂ ಇದೆ ಕಣಮ್ಮ ಮಳೆ ಪುಸ್ತಕ, ನಮ್ಮಪ್ಪ ಶುರು ಮಾಡಿದ್ದು, ಮೇಲೆ ಗೆದ್ಲು ಹಿಡಿದಿದೆ ಒಳಗೆ ಸರಿ ಇದೆ. ಆದ್ರೆ ಗೇಜು ಮೊದ್ಲು ಕಣದ ಹತ್ರ ಇತ್ತು, ಆಮೇಲೆ ಆನೆ ಬಂದು ತುಳಿದು ಹಾಕ್ತು ಅಂತ ಮನೆ ಅಂಗಳಕ್ಕೆ ತಂದ್ವಿ. ಬೇಕಂದ್ರೆ ಫೋಟೊ ಹೊಡೆದು ಕಳಿಸ್ತೀನಿ. ಈ ವರ್ಷ ಬ್ಯಾಕಿಂಗ್ ಮಳೆ ಯಾವಾಗ ಅಂತ ಮಾತ್ರ ಕೇಳಲ್ಲ ಬಿಡು.

ಮಾದಾಪುರ_ಹುಡುಗಿ

ಖಂಡಿತ ಬೇಕು ಅಂಕಲ್. ಆನೆ ತುಳಿದ ವರ್ಷ ನೆನಪಿದ್ರೆ ಅದನ್ನೂ ಬರ್ದು ಕಳ್ಸಿ, ಗೇಜ್ ಜಾಗ ಬದ್ಲಾಗಿದ್ದು ಎಲ್ಲಿಂದ ಅಂತ ಗೊತ್ತಾಗ್ಬೇಕು.